ಗಾಳಿಗೆ ತಿರುಗಲು ಕಲಿಸಿದ ದಿಬ್ಬ

ಭೂಮಿ ಆಗಿನ್ನೂ ಕುಂಬಾರನ ತಿಗರಿಯಿಂದ ಇಳಿಸಿದ ಗಡಿಗೆಯ ಹಾಗೆ ಹೊಚ್ಚ ಹೊಸದು. ಹೊಳೆಗಳು ದಾರಿ ಹುಡುಕಿಕೊಳ್ಳುತ್ತಿದ್ದವು. ಗಾಳಿಗೆ ಮಾತ್ರ ಒಂದೇ ದಾರಿ, ಮೂಗಿನ ನೇರಕ್ಕೆ. ಏರಲು ಬಾರದು, ಸುತ್ತಿ ಬಳಸಿ ಹೋಗಲು ಬಾರದು. ಅಡ್ಡ ಬಂದದ್ದನ್ನು ಕೆರೆದುಹಾಕಿ ಮುಂದೆ ಹೋಗುವುದು. ಅದನ್ನೇ ದೊಡ್ಡಸ್ತಿಕೆ ಎಂದುಕೊಂಡಿತ್ತು. ಅಂಥವರು ಯಾವ ಊರಿಗೆ ಹೋದರೂ ಸಿಗುತ್ತಾರೆ.

ಆ ಕಾಲದಲ್ಲಿ ಹುಲಿಗಿ ಎಂಬ ಹೆಂಗಸಿನ ಅವ್ವ ತೀರಿಕೊಂಡಳು. ಊರವರು ಹೊಲದ ನಡುವೆ ಅವ್ವನನ್ನು ಮಲಗಿಸಿ, ಅವಳು ಅಂಬಲಿ ಕುಡಿಯುತ್ತಿದ್ದ ಗಡಿಗೆಯನ್ನು ಪಕ್ಕದಲ್ಲಿಟ್ಟು, ಆಳಿಗೊಂದು ಬುಟ್ಟಿ ಮಣ್ಣು ಸುರಿದರು. ದಿಬ್ಬವಾಯಿತು.

ಗಾಳಿ ಬಂತು, ದಿಬ್ಬ ಸವೆಯಿತು. ಹುಲಿಗಿ ಮಣ್ಣು ಹೊತ್ತಳು. ಮತ್ತೆ ಗಾಳಿ ಬಂತು, ಮತ್ತೆ ಸವೆಯಿತು, ಮತ್ತೆ ಹೊತ್ತಳು. ಒಂದು ಬೆಳಿಗ್ಗೆ ನೋಡಿದರೆ ಗಡಿಗೆಯ ಬಾಯಿ ಹೊರಗೆ ಕಾಣುತ್ತಿತ್ತು. ಇನ್ನೊಂದು ಸಲ ಬೀಸಿದರೆ ಅವ್ವನ ಎಲುಬೇ ಬಯಲಿಗೆ.

"ಗಾಳಪ್ಪ, ಒಂಚೂರು ಬಳಸಿಕೊಂಡು ಹೋಗು," ಎಂದಳು.

"ನಾನೇನು ಗಾಣದ ಎತ್ತೇನಬೇ, ಸುತ್ತಾಕ?"

ಹುಲಿಗಿ ವಾದಕ್ಕೆ ನಿಲ್ಲಲಿಲ್ಲ. ಗುಡ್ಡದಿಂದ ಬಂಡೆ ಉರುಳಿಸಿ ತಂದು ದಿಬ್ಬದ ಸುತ್ತ ಒತ್ತೊತ್ತಾಗಿ ನಿಲ್ಲಿಸಿದಳು. ಮೂಡಣಕ್ಕೆ ಮಾತ್ರ ಒಂದು ಸಂದು ಬಿಟ್ಟಳು. ಸತ್ತವರು ಎಳೆಬಿಸಿಲಿಗೆ ಹೊರಗೆ ಬರುವ ದಾರಿ ಅದು, ಎಲ್ಲರೂ ಬಿಡುತ್ತಿದ್ದರು.

"ಅದನ್ನೂ ಮುಚ್ಚಬೇ, ಗಾಳಿ ನುಗ್ಗತೈತಿ," ಎಂದಿತು ಪಕ್ಕದಲ್ಲಿ ಹರಿಯುತ್ತಿದ್ದ ಹೊಳೆ.

"ಮುಚ್ಚಿ ನಮ್ಮವ್ವನ್ನ ಕೂಡಿಹಾಕಲೇನು? ನುಗ್ಗಲಿ."

ಗಾಳಿ ನುಗ್ಗಿಯೇ ನುಗ್ಗಿತು. ಹುಲಿಗಿ ಓಡಿಹೋಗಿ ಸಂದಿಗೆ ಬೆನ್ನು ಅಡ್ಡ ಕೊಟ್ಟು ಕೂತಳು; ಗಾಳಿ ಒಳಗೇ ಸಿಕ್ಕಿಬಿತ್ತು.

ಓಡಿ ಬರಲು ಬಯಲಿಲ್ಲದ ಗಾಳಿಗೆ ಮಣ್ಣು ಕೆರೆಯುವ ಬಲ ಉಳಿಯಲಿಲ್ಲ. ಒಂದು ಕಲ್ಲಿಗೆ ಬಡಿದು ಪಕ್ಕಕ್ಕೆ ಜಾರಿತು, ಮುಂದಿನ ಕಲ್ಲಿಗೆ ಬಡಿದು ಮತ್ತೆ ಜಾರಿತು. ಬೇಡವೆಂದರೂ ದಿಬ್ಬವನ್ನು ಸುತ್ತಿತು, ಸುತ್ತಿತು, ಸುತ್ತುತ್ತಲೇ ಇತ್ತು.

"ದಾರಿ ಬಿಡಬೇ."

"ಇನ್ನು ಮ್ಯಾಲೆ ಬಳಸಿಕೊಂಡು ಹೋಗ್ತೀಯೇನು?"

"ನನ್ನ ಮರ್ಯಾದಿ?"

"ಅದನ್ನೂ ಜತೀಗೆ ಸುತ್ತಿಸು."

ಬಿಸಿಲು ನೆತ್ತಿಗೇರಿತು. ಒಳಗಿನ ಮರಳು ಬಡಿದು ಬಡಿದು ಹುಲಿಗಿಯ ಬೆನ್ನು ಸುಲಿಯಿತು. ಅವಳು ಕದಲಲಿಲ್ಲ.

"ಬಳಸ್ತೀನಿ, ಏಳಬೇ ಮೊದಲು," ಎಂದಿತು ಕೊನೆಗೆ ಗಾಳಿ.

"ಹೊರಗ ಹೋದಮ್ಯಾಲೆ ಮರೀಬಾರದು."

"ಮರಿಯೋದು ಎಲ್ಲಿ ಬಂತು, ಸುತ್ತೋದು ನಿಲ್ಲಿಸಾಕೇ ಆಗವಲ್ದು."

ಹುಲಿಗಿ ಎದ್ದಳು. ಗಾಳಿ ತರಗೆಲೆಯನ್ನೆಲ್ಲ ಸೊಂಟಕ್ಕೆ ಸುತ್ತಿಕೊಂಡು, ತೂರಾಡುತ್ತಾ ಹೊರಬಿತ್ತು.

ಈಗಲೂ ಬೇಸಿಗೆಯ ಮಧ್ಯಾಹ್ನ, ‘ಸಂರಕ್ಷಿತ ಸ್ಮಾರಕ’ ಎಂದು ಸರ್ಕಾರದವರು ಫಲಕ ನೆಟ್ಟ ಆ ದಿಬ್ಬದ ಕಡೆ ನೋಡು: ಸುಂಟರಗಾಳಿ ಧೂಳೆಬ್ಬಿಸಿ ಗಿರಗಿರನೆ ತಿರುಗುತ್ತಾ ಬರುತ್ತದೆ, ಕಲ್ಲುಗಳ ಹತ್ತಿರ ಬಂದದ್ದೇ ಪಕ್ಕಕ್ಕೆ ಸರಿದು, ಬಳಸಿಕೊಂಡು ಹೋಗುತ್ತದೆ.