ಬೆಲ್ಲ ನೀರು

“ಗುರುಗಳೇ, ದೊಡ್ಡ ಸಾಧನೆ ಮಾಡಿದವರೆಲ್ಲ ಒಂದೊಂದು ಮಾತು ಹೇಳುತ್ತಾರೆ. ಯಾರ ಮಾತನ್ನು ಹಿಡಿದು ನಡೆಯಬೇಕು?” ಎಂದು ಹಾಲಯ್ಯ ಕೇಳಿದ.

ಹಾಲಯ್ಯ ಮಠಕ್ಕೆ ಬಂದು ಒಂದು ವರ್ಷವಾಗಿತ್ತು. ಬಂದ ದಿನವೇ ಅವನು ಗುರುಗಳನ್ನು, ತಾವು ಈ ಮಟ್ಟಕ್ಕೆ ಏರಿದ್ದು ಹೇಗೆ ಎಂದು ಕೇಳಿದ್ದ. “ನಿದ್ದೆ ಗೆದ್ದೆ” ಎಂದಿದ್ದರು ಗುರುಗಳು. ಅಂದಿನಿಂದ ಹಾಲಯ್ಯ ದಿನಕ್ಕೆ ಎರಡು ತಾಸಿಗಿಂತ ಹೆಚ್ಚು ಮಲಗಿರಲಿಲ್ಲ. ಕಣ್ಣು ಕೆಂಪಾಗಿದ್ದವು. ಪಾಠದ ಹೊತ್ತಿಗೆ ತೂಕಡಿಸುತ್ತಿದ್ದ, ಕೇಳಿದ್ದೊಂದೂ ತಲೆಗೆ ಹತ್ತುತ್ತಿರಲಿಲ್ಲ. ಊರಿಗೆ ಹೋದಾಗ ಹೆಸರಾದ ಪೈಲವಾನನನ್ನು ಕೇಳಿದ. “ಹೊಟ್ಟೆ ತುಂಬ ಉಂಡೆ” ಎಂದ ಪೈಲವಾನ. ಹೆಸರಾದ ವೈದ್ಯರನ್ನು ಕೇಳಿದ. “ಅರೆಹೊಟ್ಟೆ ಉಂಡು ಕಣ್ತುಂಬ ಮಲಗಿದೆ” ಎಂದರು ಅವರು. ಈಗ ಉಣ್ಣಬೇಕೋ ಬಿಡಬೇಕೋ, ಮಲಗಬೇಕೋ ಏಳಬೇಕೋ ಅವನಿಗೆ ಒಂದೂ ತಿಳಿಯದಾಗಿತ್ತು. ಹೀಗೇ ಆದರೆ ಮಠ ಬಿಟ್ಟು ಹೋಗಬೇಕಾದೀತು ಎಂಬ ಹೆದರಿಕೆಯೂ ಹತ್ತಿತ್ತು.

ಗುರುಗಳು ಅವನ ಕಣ್ಣುಗಳನ್ನು ನೋಡಿದರು. ಆಮೇಲೆ ಈ ಕತೆ ಹೇಳಿದರು.

ಒಂದು ಹೊಳೆಯಲ್ಲಿ ಒಬ್ಬ ಅಂಬಿಗ ಹರಿಗೋಲು ನಡೆಸುತ್ತಿದ್ದ. ಹೊಳೆಯ ನಡುವೆ ಬಂಡೆಗಳಿದ್ದವು, ಬಂಡೆಗಳ ಮಗ್ಗುಲಲ್ಲಿ ಸುಳಿ ಇತ್ತು. ಮಳೆಗಾಲದಲ್ಲಿ ಬಂಡೆ ಮುಳುಗಿ ಕಣ್ಣಿಗೇ ಬೀಳುತ್ತಿರಲಿಲ್ಲ. ಆಗಲೂ ಅವನು ಎಲೆ ಅಡಿಕೆ ಜಗಿಯುತ್ತ, ಕೂತವರ ಜೊತೆ ಹರಟುತ್ತ, ಆರಾಮವಾಗಿ ದಾಟಿಸುತ್ತಿದ್ದ. ಮೂವತ್ತು ವರ್ಷದಲ್ಲಿ ಅವನ ಹರಿಗೋಲು ಹತ್ತಿದವರು ಒಬ್ಬರೂ ಹೊಳೆಪಾಲಾಗಿರಲಿಲ್ಲ.

ಆ ಊರಿಗೆ ಒಬ್ಬ ಅರಿವೆ ವ್ಯಾಪಾರಿ ಬಂದ. ಅವನು ಮಾರುತ್ತಿದ್ದದ್ದು ಅರಿವೆಯಾದರೂ ಅವನ ಹುಚ್ಚು ಬೇರೆ. ಎಲ್ಲಿ ಯಾರೇ ಹೆಸರು ಮಾಡಿರಲಿ, ಹೋಗಿ ಎದುರಿಗೆ ಕೂತು, ಹೇಗೆ ಬದುಕಿದಿರಿ, ಹೇಗೆ ದುಡಿದಿರಿ ಎಂದು ಕೇಳಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ. ಅಂಬಿಗನ ಮನೆಯನ್ನೂ ಹುಡುಕಿಕೊಂಡು ಬಂದ.

“ಸುಳಿ ತಪ್ಪಿಸುವಾಗ ಕಣ್ಣು ಎಲ್ಲಿ ಇಟ್ಟಿರ್ತೀಯಪ್ಪಾ?” ಎಂದ.

ಅಂಬಿಗ ಗಲಿಬಿಲಿಗೊಂಡ. ಈ ಮಾತನ್ನು ಅವನನ್ನು ಯಾರೂ ಕೇಳಿರಲಿಲ್ಲ, ಅವನೂ ಕೇಳಿಕೊಂಡಿರಲಿಲ್ಲ. ಹರಿಗೋಲು ಎಂದರೆ ದುಂಡನೆಯದು. ಅದಕ್ಕೆ ಮುಂದೆಂಬುದಿಲ್ಲ, ಹಿಂದೆಂಬುದಿಲ್ಲ. ಅದು ತಿರುಗುತ್ತದೆ, ಅದರೊಡನೆ ಅಂಬಿಗನೂ ತಿರುಗುತ್ತಾನೆ. ಅಂಥದರಲ್ಲಿ ಕಣ್ಣು ಎಲ್ಲಿರುತ್ತದೆಂದು ಹೇಳುವುದು? ಆದರೆ ವ್ಯಾಪಾರಿ ಬಿಸಿಲಲ್ಲಿ ನಡೆದು ಬಂದಿದ್ದ, ಲೇಖನಿ ಹಿಡಿದು ಕಾಯುತ್ತಿದ್ದ. ಆ ಮನೆಗೆ ಬಂದವರು ಯಾರೂ ಸುಮ್ಮನೆ ಹಿಂದಿರುಗಿದ್ದಿಲ್ಲ. ಹೆಂಡತಿ ಆಗಲೇ ಬೆಲ್ಲ ನೀರು ತಂದಿಟ್ಟಿದ್ದಳು. ಬೆಲ್ಲ ನೀರು ಕೊಟ್ಟ ಹಾಗೆಯೇ ಅಂಬಿಗನೂ ಒಂದು ಮಾತು ಕೊಟ್ಟ.

“ಆಚೆ ದಡದಾಗ ಅತ್ತಿಮರ ಐತಲ್ರೀ ಸಾವ್ಕಾರ್ರ, ಅದರ ಮ್ಯಾಲಿಂದ ಕಣ್ಣು ಕೀಳಂಗಿಲ್ಲ ನೋಡ್ರಿ.”

ವ್ಯಾಪಾರಿ ಹಿಗ್ಗಿಹೋದ. ಬರೆದುಕೊಂಡ, ಎರಡು ಗೆರೆ ಎಳೆದುಕೊಂಡ, ಹೋದ ಊರಲ್ಲೆಲ್ಲ ಹೇಳಿದ. ಅಂಬಿಗನನ್ನು ನೋಡಲು ಜನ ಬರತೊಡಗಿದರು. ಮರವನ್ನು ನೋಡಲು ಬಂದವರೂ ಇದ್ದರು. ಯಾರೋ ಅದಕ್ಕೆ ಕುಂಕುಮ ಇಟ್ಟು ಹೋದರು. ಅಂಬಿಗ ಕೇಳಿದವರಿಗೆಲ್ಲ ಹೇಳಿದ, ಹೇಳುವಾಗಲೆಲ್ಲ ಚೂರು ಚೂರು ಸೇರಿಸಿದ. ಮೊದಲ ದಿನ ಅಪ್ಪನೇ ಕೈ ಮಾಡಿ ಆ ಮರ ತೋರಿಸಿದ್ದು ಅವನಿಗೆ ಚೆನ್ನಾಗಿ ನೆನಪಾಗತೊಡಗಿತು. ಅಪ್ಪ ಸತ್ತು ಎಷ್ಟೋ ವರ್ಷಕ್ಕೆ ಆ ಮರ ಹುಟ್ಟಿದ್ದೆಂಬುದು ಮಾತ್ರ ನೆನಪಾಗಲಿಲ್ಲ.

ಮಳೆಗಾಲ ಬಂತು. ಹೊಳೆ ತುಂಬಿತು. ಅಂಬಿಗ ಎಂಟು ಜನರನ್ನು ಹತ್ತಿಸಿಕೊಂಡು, ಹುಟ್ಟು ಹಾಕಿ, ಅತ್ತಿಮರದ ಮೇಲೆ ಕಣ್ಣಿಟ್ಟ. ಹರಿಗೋಲು ತಿರುಗಿತು. ಮರ ತಪ್ಪಬಾರದೆಂದು ಅವನು ಕತ್ತು ಹೊರಳಿಸಿದ. ಮತ್ತೆ ತಿರುಗಿತು, ಸೊಂಟ ಹೊರಳಿಸಿದ. ಅಷ್ಟರಲ್ಲಿ ಕೈಯಲ್ಲಿ ಹುಟ್ಟು ತಡವರಿಸಿತು, ಹರಿಗೋಲು ಬಂಡೆಗೆ ಬಡಿದು ಮಗುಚಿತು. ಪುಣ್ಯಕ್ಕೆ ಎಲ್ಲರೂ ಈಜಿ ದಡ ಹತ್ತಿದರು. ಯಾರೂ ಅವನನ್ನು ಬೈಯಲಿಲ್ಲ. ಮರವನ್ನು ಸರಿಯಾಗಿ ನೋಡಲಿಲ್ಲವೇನೋ ಪಾಪ ಎಂದರು.

ಅಂಬಿಗ ದಡದ ಹತ್ತಿರದ ಸೊಂಟಮಟ್ಟದ ನೀರಿನಲ್ಲಿ ಒಬ್ಬನೇ ಹರಿಗೋಲು ನಡೆಸಿ ನೋಡಿದ. ನೀರು ನೋಡಿದ, ಹುಟ್ಟು ನೋಡಿದ, ಆಕಾಶ ನೋಡಿದ. ಎಲ್ಲಿ ನೋಡಿದರೂ ಹರಿಗೋಲು ಗಿರಗಿರನೆ ಸುತ್ತುತ್ತಿತ್ತು. ಮೊದಲು ನಾನು ಎಲ್ಲಿ ನೋಡುತ್ತಿದ್ದೆ ಎಂದು ಹೆಂಡತಿಯನ್ನು ಕೇಳಿದ.

“ನೀ ಎಲ್ಲಿ ನೋಡ್ತಿದ್ದಿ ಅಂತ ನಾ ನೋಡ್ಕೋತ ಕುಂತಿದ್ನೇನು?” ಎಂದಳು ಅವಳು.

ಅವನಿಗೆ ಅಳು ಬಂತು. ಹರಿಗೋಲನ್ನು ಮನೆಯ ಮುಂದೆ ಬೋರಲು ಹಾಕಿ ಕೂತುಬಿಟ್ಟ.

ಆಗ ಅವನ ಮಗಳು ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ಒಂದು ಮಧ್ಯಾಹ್ನ ನೋವು ಶುರುವಾಯಿತು. ಕೂಸು ಅಡ್ಡ ತಿರುಗಿತ್ತು. ಸೂಲಗಿತ್ತಿ ಇದ್ದದ್ದು ಆಚೆ ದಡದ ಊರಿನಲ್ಲಿ. ಹೋಗಿ ಕರೆತರುವಷ್ಟು ಹೊತ್ತಿರಲಿಲ್ಲ, ಬೇರೆ ಅಂಬಿಗನೂ ಇರಲಿಲ್ಲ. ಹೊಳೆ ಕೆಂಪಗೆ ಹರಿಯುತ್ತಿತ್ತು. ಎಲ್ಲಿ ನೋಡಲಿ, ಎಲ್ಲಿ ನೋಡಲಿ ಎಂದು ಅಂಬಿಗನ ತಲೆಯೊಳಗೆ ಒಂದೇ ಸಮನೆ ಗುಂಯ್‌ಗುಡುತ್ತಿತ್ತು.

“ಅಪ್ಪಾ, ನಡಿ” ಎಂದಳು ಮಗಳು.

ಅವಳನ್ನು ಹರಿಗೋಲಿನಲ್ಲಿ ಮಲಗಿಸಿದ್ದು ಅವನಿಗೆ ಗೊತ್ತು. ಹುಟ್ಟು ನೀರಿಗೆ ಹಾಕಿದ್ದು ಗೊತ್ತು. ಅದಾದ ಮೇಲೆ ಗೊತ್ತಾದದ್ದು ಹರಿಗೋಲಿನ ಅಡಿಗೆ ಆಚೆ ದಡದ ಉಸುಕು ತಗುಲಿದಾಗಲೇ. ಸಂಜೆಯೊಳಗೆ ತಾಯಿ ಮಗು ಎರಡೂ ಜೀವ ಕ್ಷೇಮವಾಗಿ ಬೇರೆಯಾದವು.

ಸುದ್ದಿ ಕೇಳಿ ವ್ಯಾಪಾರಿ ಪುಸ್ತಕದ ಸಮೇತ ಓಡಿ ಬಂದ. ಈ ಸಲ ಕಣ್ಣು ಮರದ ಮೇಲಿತ್ತೋ ಮಗಳ ಮೇಲಿತ್ತೋ ಎಂದು ಕೇಳಿದ. ಅಂಬಿಗ ಬಾಯಿ ತೆರೆದ. ಮಗಳ ಮೇಲೆ ಎಂದರೆ ಎಷ್ಟು ಚೆಂದ ಎಂದು ಅವನಿಗೂ ಅನ್ನಿಸಿತು. ಬಾಯಿ ಮುಚ್ಚಿಕೊಂಡು ಎದ್ದು ಒಳಗೆ ಹೋಗಿ, ತಂಬಿಗೆ ತಂದು ಮುಂದಿಟ್ಟ.

“ಬೆಲ್ಲ ನೀರು ಕುಡೀರಿ ಸಾವ್ಕಾರ್ರ. ಈ ಸಲ ನಮ್ಮನ್ಯಾಗ ಇದೊಂದ ಐತ್ರಿ.”

ಗುರುಗಳು ಕತೆ ಮುಗಿಸಿದರು. ಹಾಲಯ್ಯನ ತಲೆ ಮೊದಲಿಗಿಂತ ಹೆಚ್ಚು ಗೋಜಲಾಗಿತ್ತು. ಕೆಂಪು ಕಣ್ಣುಗಳನ್ನು ಉಜ್ಜಿಕೊಂಡು, “ಹಾಗಾದರೆ ಅಂಬಿಗ ಮೊದಲ ಸಲ ಹೇಳಿದ್ದು ಸುಳ್ಳೇ ಗುರುಗಳೇ?” ಎಂದ.

“ಮನೆಗೆ ಬಂದವನನ್ನು ಉಪಚರಿಸಿದ, ಅಷ್ಟೇ. ನೀನು ಬಂದ ದಿನ ನಾನು ನಿನಗೆ ಕೊಟ್ಟದ್ದೂ ಬೆಲ್ಲ ನೀರೇ ಹಾಲಯ್ಯ, ಹೋಗಿ ಮಲಗು.”