ತುಳುಕದ ಬಟ್ಟಲು

"ಗುರುಗಳೇ, ಸಾರಾಯಿಯನ್ನು ಇಷ್ಟಕ್ಕಿಂತ ಅಗ್ಗವಾಗಿ ಮಾರಕೂಡದು ಎಂದು ಕಟ್ಟಳೆ ಮಾಡಿದರೆ ಕುಡುಕರ ಕುಡಿತ ಕಡಿಮೆಯಾಗುತ್ತದೆಯೇ?"

ಕೇಳಿದವನು ಕೊಟ್ರಯ್ಯ. ಅವನು ಮಠಕ್ಕೆ ಬಂದು ನಾಲ್ಕು ವರ್ಷವಾಗಿತ್ತು. ಈ ನಡುವೆ ಒಮ್ಮೆಯೂ ಊರಿಗೆ ಹೋಗಿರಲಿಲ್ಲ. ಅವನ ಊರಿನ ಹಿರಿಯರು ಅಂಥದೊಂದು ಕಟ್ಟಳೆ ತರುವ ಯೋಚನೆಯಲ್ಲಿದ್ದರು. ನೀನು ಓದಿದವನು, ತಿಳಿದವರನ್ನು ಕೇಳಿ ಬರೆ ಎಂದು ಅವನಿಗೆ ಕಾಗದ ಹಾಕಿದ್ದರು. ಅವನ ಅಣ್ಣ ಕುಡಿಯುತ್ತಿದ್ದ. ಎತ್ತು ಹೋಯಿತು, ಗಾಡಿ ಹೋಯಿತು, ಇನ್ನು ಮನುಷ್ಯನೇ ಹೋಗುವ ಹಾಗಿದ್ದಾನೆ ಎಂದು ಅದೇ ಕಾಗದದ ಕೊನೆಯಲ್ಲಿ ಒಂದು ಸಾಲಿತ್ತು. ಕೊಟ್ರಯ್ಯ ಆ ಸಾಲನ್ನೂ ಓದಿ ಹೇಳಿದ. ಆಮೇಲೆ, "ಆದರೆ ನಾನು ಕೇಳುತ್ತಿರುವುದು ಊರಿನ ಸಲುವಾಗಿ" ಎಂದ.

ಗುರುಗಳು ಒಂದು ಕತೆ ಹೇಳಿದರು.

ನದಿಯ ದಡದಲ್ಲಿ ಅಂಬಿಗರ ಒಂದು ಹಟ್ಟಿ. ಹಟ್ಟಿಗೊಬ್ಬ ಯಜಮಾನ. ಜನರನ್ನು ಹರಿಗೋಲಿನಲ್ಲಿ ಕೂರಿಸಿಕೊಂಡು ಹೊಳೆ ದಾಟಿಸುವುದು ಅಲ್ಲಿಯವರ ಕಸುಬು. ಅಲ್ಲೊಂದು ಹಳೆಯ ಪದ್ಧತಿ ಇತ್ತು. ಹೊತ್ತು ಮೂಡುವಾಗ ಅಂಬಿಗರೆಲ್ಲ ದಡದಲ್ಲಿ ಸಾಲಾಗಿ ನಿಲ್ಲಬೇಕು. ಯಜಮಾನ ಒಬ್ಬೊಬ್ಬರ ಅಂಗೈ ಮೇಲೂ ಅಂಚಿನ ತನಕ ನೀರು ತುಂಬಿದ ಬಟ್ಟಲನ್ನು ಇಡಬೇಕು. ಹತ್ತು ಎಣಿಸುವ ತನಕ ನೀರು ತುಳುಕದಿದ್ದರೆ ಅವನಿಗೆ ಅಂದು ಹರಿಗೋಲು. ತುಳುಕಿದರೆ ಇಲ್ಲ. ಒಂದೇ ಸಮನೆ ಮೂರು ದಿನ ತುಳುಕಿಸಿದವನಿಗೆ ಆ ವರ್ಷ ಪೂರ್ತಿ ಇಲ್ಲ. ಅಮಲೇರಿದವನ ಕೈಗೆ ಜನರ ಜೀವ ಕೊಡಬಾರದೆಂದು ಹಿಂದಿನವರು ಮಾಡಿಟ್ಟ ಪರೀಕ್ಷೆ ಅದು. ಹಟ್ಟಿಯವರಿಗೆ ಅದರ ಬಗ್ಗೆ ಬಲು ಹೆಮ್ಮೆ.

ಹಟ್ಟಿಯಲ್ಲಿ ಎರಡು ಸಾರಾಯಿ ಅಂಗಡಿಗಳಿದ್ದವು. ಒಂದು ವರ್ಷ ಆ ಇಬ್ಬರು ಅಂಗಡಿಯವರೂ ಹಠಕ್ಕೆ ಬಿದ್ದರು. ಇವನು ಒಂದು ಕಾಸು ಇಳಿಸಿದರೆ ಅವನು ಎರಡು ಇಳಿಸಿದ. ಕೊನೆಗೆ ಒಂದು ತೆಂಗಿನ ಚಿಪ್ಪು ಸಾರಾಯಿ ಒಂದು ಚೊಂಬು ಮಜ್ಜಿಗೆಗಿಂತ ಅಗ್ಗವಾಯಿತು. ಬಿಸಿಲಲ್ಲಿ ಹುಟ್ಟು ಹಾಕಿ ದಣಿದವನು ಮಜ್ಜಿಗೆಯ ಕಡೆ ಯಾಕೆ ಹೋದಾನು? ಬೆಳಿಗ್ಗೆ ಬಟ್ಟಲು ಹಿಡಿದು ಗೆದ್ದವರು ಮಧ್ಯಾಹ್ನಕ್ಕೆ ತೂರಾಡತೊಡಗಿದರು. ಒಂದು ಇಳಿಹೊತ್ತಿನಲ್ಲಿ ಹರಿಗೋಲೊಂದು ಬಂಡೆಗೆ ಬಡಿದು ಮಗುಚಿತು. ಸಂತೆ ಮುಗಿಸಿ ಮನೆಗೆ ಹೊರಟಿದ್ದ ಇಬ್ಬರು ಹೆಂಗಸರು ನೀರುಪಾಲಾದರು.

ಯಜಮಾನ ಹಟ್ಟಿಯವರನ್ನು ಕೂಡಿಸಿದ. ಇನ್ನು ಮುಂದೆ ಒಂದು ಚಿಪ್ಪು ಸಾರಾಯಿಯನ್ನು ಆರು ಕಾಸಿಗಿಂತ ಕಡಿಮೆಗೆ ಯಾರೂ ಮಾರಕೂಡದು ಎಂದು ಕಟ್ಟಳೆ ಮಾಡಿದ. ಅಂಗಡಿಯವರು ಬಾಯಿ ಬಾಯಿ ಬಡಿದುಕೊಂಡರು. ತಿಂಗಳು ಕಳೆಯುವಷ್ಟರಲ್ಲಿ, ಕಡಿಮೆ ಮಾರಿದರೂ ಹೆಚ್ಚು ಗಿಟ್ಟುತ್ತದೆ ಎಂದು ಗೊತ್ತಾಗಿ ತೆಪ್ಪಗಾದರು.

ಯಜಮಾನನ ಬಾಯಲ್ಲಿದ್ದದ್ದು ಹಟ್ಟಿ. ಮನಸ್ಸಿನಲ್ಲಿದ್ದದ್ದು ಅವನ ಸೋದರಮಾವ. ಮಾವನೂ ಅಂಬಿಗ. ಯಜಮಾನನಿಗೆ ಚಿಕ್ಕಂದಿನಲ್ಲಿ ಈಜು ಕಲಿಸಿದವನು ಅವನೇ. ಹಟ್ಟಿಯಲ್ಲಿ ಎಲ್ಲರಿಗಿಂತ ಹೆಚ್ಚು ಕುಡಿಯುತ್ತಿದ್ದವನೂ ಅವನೇ. ಮೈ ಇಳಿದು ಹೋಗಿತ್ತು, ಕಣ್ಣು ಹಳದಿಯಾಗಿತ್ತು. ಹೀಗೇ ಬಿಟ್ಟರೆ ಇನ್ನೆರಡು ವರ್ಷ ಉಳಿಯಲಾರ ಎಂಬುದು ನೋಡಿದವರಿಗೆಲ್ಲ ಗೊತ್ತಾಗುತ್ತಿತ್ತು. ಬೆಲೆ ಏರಿದರೆ ಮಾವ ಉಳಿದಾನು ಎಂಬುದು ಯಜಮಾನನ ಆಸೆ.

ಕಟ್ಟಳೆ ಮಾಡಿ ಕಾಲು ಚಾಚಿ ಮಲಗುವ ಜಾಯಮಾನ ಯಜಮಾನನದಲ್ಲ. ಬಿತ್ತಿದ ಬೀಜ ಮೊಳೆಯಿತೋ ಇಲ್ಲವೋ ಎಂದು ಮಣ್ಣು ಕೆದಕಿ ನೋಡುವ ಕುತೂಹಲ ಅವನಿಗೆ. ದಿನವೂ ಒಂದು ಸುತ್ತು ಹಾಕಿದ. ಕಂಡವರನ್ನೆಲ್ಲ ಕೇಳಿದ. ಹೊಸದಾಗಿ ಕುಡಿತಕ್ಕೆ ಇಳಿಯುತ್ತಿದ್ದ ಹುಡುಗರು ಅಂಗಡಿಯ ಕಡೆ ಹೋಗುವುದನ್ನೇ ಬಿಟ್ಟಿದ್ದರು. ಮೂರು ಚಿಪ್ಪು ಕುಡಿಯುತ್ತಿದ್ದವರು ಒಂದಕ್ಕೆ ಇಳಿದಿದ್ದರು. ಮಧ್ಯಾಹ್ನ ತೂರಾಡುವವರು ಕಾಣಲಿಲ್ಲ. ಮಜ್ಜಿಗೆ ಮಾರುವ ಮುದುಕಿ ಯಜಮಾನನನ್ನು ಕಂಡಲ್ಲೆಲ್ಲ ಕೈ ಮುಗಿಯುತ್ತಿದ್ದಳು. ಆ ಮಳೆಗಾಲದಲ್ಲಿ ಒಂದು ಹರಿಗೋಲೂ ಮಗುಚಲಿಲ್ಲ.

ಯಜಮಾನ ಖುಷಿಯಿಂದ ಮಾವನ ಮನೆಗೆ ಹೋದ. ಮಾವ ಇರಲಿಲ್ಲ, ಅತ್ತೆ ಇದ್ದಳು.

"ನಿನ್ನ ಕಟ್ಟಳಿ ಬಂದ ಮ್ಯಾಲ ನಿಮ್ಮ ಮಾವ ಕುಡಿಯೂದು ಬಿಟ್ಟಿಲ್ಲೋ ಯಪ್ಪಾ" ಎಂದಳು ಅತ್ತೆ. "ಉಣ್ಣೂದು ಬಿಟ್ಟಾನ."

ಯಜಮಾನನ ಖುಷಿ ಜರ್ರನೆ ಇಳಿಯಿತು. ಎಲ್ಲರ ಮೇಲೂ ನಡೆದ ಕಟ್ಟಳೆ ಇವನೊಬ್ಬನ ಮೇಲೆ ಯಾಕೆ ನಡೆಯಲಿಲ್ಲ? ಆರು ಕಾಸು ಸಾಲದೇನೋ, ಹನ್ನೆರಡು ಮಾಡಬೇಕೇನೋ ಎಂದು ಮೊದಲು ಹೊಳೆಯಿತು. ಆದರೆ ಹನ್ನೆರಡು ಮಾಡಿದರೆ ಮಾವ ಒಂದು ಹೊತ್ತಿನ ಬದಲು ಎರಡು ಹೊತ್ತಿನ ಊಟ ಬಿಡುತ್ತಾನೆ, ಅಷ್ಟೇ.

ಆಗ ಇನ್ನೊಂದು ಸಂಗತಿ ಅವನ ತಲೆ ಹೊಕ್ಕಿತು. ಮಾವ ಅಷ್ಟೊಂದು ಕುಡಿಯುತ್ತಾನೆ. ಆದರೆ ಬೆಳಗಿನ ಸಾಲಿನಲ್ಲಿ ಮಾವನ ಬಟ್ಟಲು ತುಳುಕಿದ್ದನ್ನು ತಾನು ಒಂದು ದಿನವೂ ನೋಡಿಲ್ಲ. ಕುಡಿಯದ ಹುಡುಗರ ಬಟ್ಟಲೂ ಚಳಿಗೆ ಒಮ್ಮೊಮ್ಮೆ ತುಳುಕುತ್ತದೆ. ಮಾವನದು ಕಲ್ಲಿನ ಮೇಲೆ ಇಟ್ಟಂತೆ ಇರುತ್ತದೆ. ಅದು ಹೇಗೆ? ಇಷ್ಟು ದಿನ ಅದನ್ನು ಮಾವನ ಕಸುಬಿನ ಗಟ್ಟಿತನ ಎಂದು ಯಜಮಾನ ಮೆಚ್ಚಿಕೊಂಡಿದ್ದ. ಈಗ ಮೆಚ್ಚುಗೆ ಬಿಟ್ಟು ಯೋಚಿಸಿದ. ಯೋಚಿಸಿದಷ್ಟೂ ಅರ್ಥವಾಗಲಿಲ್ಲ.

ಮರುದಿನ ಸಾಲು ನಿಲ್ಲುವುದಕ್ಕೆ ಮುಂಚೆಯೇ ಮಾವನನ್ನು ಹುಡುಕಿಕೊಂಡು ಹೊರಟ. ಮನೆಯಲ್ಲಿ ಇರಲಿಲ್ಲ, ದಡದಲ್ಲಿಯೂ ಇರಲಿಲ್ಲ. ಮಾವ ಸಿಕ್ಕಿದ್ದು ಅಂಗಡಿಯ ಹಿತ್ತಲಲ್ಲಿ. ಎರಡೂ ಕೈಯಿಂದ ಚಿಪ್ಪು ಹಿಡಿದು ಬಾಯಿಗೆ ತರಲು ಹೆಣಗುತ್ತಿದ್ದ. ಕೈ ಎಷ್ಟು ನಡುಗುತ್ತಿತ್ತೆಂದರೆ ಅರ್ಧ ಸಾರಾಯಿ ಎದೆಯ ಮೇಲೆ ಚೆಲ್ಲಿತ್ತು. ಯಜಮಾನ ಹೋಗಿ ಕೈ ಹಿಡಿದ.

"ತಡೀಬ್ಯಾಡೋ ಅಳಿಯಾ" ಎಂದ ಮಾವ. "ಇದು ಹೊಟ್ಟಿಗೆ ಬಿದ್ದ ಮ್ಯಾಲೇ ನನ್ನ ಕೈ ನಿಲ್ಲತೈತಿ. ಕುಡೀದ ಬಂದ್ರ ನಿನ್ನ ಬಟ್ಟಲಾ ತುಳುಕತೈತಿ. ಬಟ್ಟಲಾ ತುಳುಕಿದ್ರ ನೀ ಹರಿಗೋಲು ಕೊಡಂಗಿಲ್ಲ. ಹುಟ್ಟು ಬಿಟ್ರ ನನಗ ಬ್ಯಾರೆ ಏನ್ ಬರತೈತಿ?"

"ಎಷ್ಟು ವರ್ಷ ಆತು ಮಾವಾ ಇದು?"

"ನಿಮ್ಮಪ್ಪ ಯಜಮಾನ ಇದ್ದಾಗಿಂದ. ನಿಮ್ಮಪ್ಪ ಬಟ್ಟಲಾ ನೋಡ್ತಿದ್ದ. ನೀನೂ ಬಟ್ಟಲಾನ ನೋಡ್ತೀ."

ಯಜಮಾನ ಕೈ ಬಿಟ್ಟ. ಮಾವ ಉಳಿದದ್ದನ್ನು ಕುಡಿದ. ಸ್ವಲ್ಪ ಹೊತ್ತಿಗೆ ನಡುಕ ನಿಂತಿತು. ಆಮೇಲೆ ಇಬ್ಬರೂ ಒಟ್ಟಿಗೆ ದಡಕ್ಕೆ ನಡೆದರು. ಆ ದಿನವೂ ಮಾವನ ಬಟ್ಟಲು ತುಳುಕಲಿಲ್ಲ. ಕುಡಿದವರನ್ನು ಹಿಡಿಯಲೆಂದು ಹಿರಿಯರು ಮಾಡಿಟ್ಟ ಪರೀಕ್ಷೆಯೇ ಒಬ್ಬನಿಗೆ ದಿನಾ ಬೆಳಿಗ್ಗೆ ಕುಡಿಸುತ್ತಿತ್ತು. ಅದನ್ನು ತನ್ನ ಕೈಯಾರೆ ನಡೆಸಿಕೊಂಡು ಬಂದವನು ತಾನು. ಯಜಮಾನನಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚು ಸಂಕಟವಾಯಿತು.

ಅವನು ಬೆಲೆಯ ಕಟ್ಟಳೆಯನ್ನು ತೆಗೆಯಲಿಲ್ಲ. ಬಟ್ಟಲನ್ನೂ ತೆಗೆಯಲಿಲ್ಲ, ನಡುಗುವ ಕೈಗೆ ಹೊಳೆ ದಾಟುವವರನ್ನು ಒಪ್ಪಿಸುವುದು ಹೇಗೆ? ಆದರೆ ಬಟ್ಟಲು ತುಳುಕಿಸಿದವನನ್ನು ಮನೆಗೆ ಅಟ್ಟುವುದನ್ನು ನಿಲ್ಲಿಸಿದ. ಅಂಥವನು ದಡದಲ್ಲೇ ಕುಳಿತು ಹರಿಗೋಲಿಗೆ ಬಿದಿರು ಹೆಣೆಯಲಿ, ತೊಗಲು ಹೊಲಿಯಲಿ, ಎಲ್ಲರ ಹಾಗೆ ಅವನಿಗೂ ಪಾಲು ಸಲ್ಲಲಿ ಎಂದ. ಕೆಲವರು ಗೊಣಗಿದರು. ಯಜಮಾನ ಕಿವಿಗೆ ಹಾಕಿಕೊಳ್ಳಲಿಲ್ಲ.

ಮಾವನನ್ನೂ ಅತ್ತೆಯನ್ನೂ ತನ್ನ ಮನೆಯಲ್ಲೇ ಇಟ್ಟುಕೊಂಡ. ವೈದ್ಯನನ್ನು ಕರೆಸಿ ತೋರಿಸಿದ. ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಅಪಾಯ, ದಿನಕ್ಕೆ ಒಂದೊಂದು ಗುಟುಕು ಇಳಿಸಿಕೊಂಡು ಬಾ ಎಂದ ವೈದ್ಯ. ಯಜಮಾನ ಹಾಗೇ ಮಾಡಿದ. ದಿನಾ ಬೆಳಿಗ್ಗೆ ತಾನೇ ಅಂಗಡಿಗೆ ಹೋಗಿ, ತಾನೇ ಏರಿಸಿದ ಬೆಲೆ ತೆತ್ತು, ಸಾರಾಯಿ ತಂದ. ಯಜಮಾನನೂ ಶುರು ಹಚ್ಚಿಕೊಂಡ ಎಂದು ಹಟ್ಟಿಯವರು ಆಡಿಕೊಂಡರು. ಅವನು ಅದನ್ನೂ ಸಹಿಸಿದ. ಮಾವ ಬೈದ, ಅತ್ತ, ಎರಡು ಸಲ ಹಿತ್ತಲ ಗೋಡೆ ಹಾರಿ ಓಡಿ ಹೋದ. ಯಜಮಾನ ಎರಡು ಸಲವೂ ಹುಡುಕಿ ಕರೆತಂದ. ಅತ್ತೆ ಗಂಜಿ ಕಾಯಿಸಿ ಇಬ್ಬರಿಗೂ ಬಡಿಸಿದಳು.

ಬೇಸಿಗೆ ಬಂದು ಹೊಳೆ ಇಳಿಯುವ ಹೊತ್ತಿಗೆ ಮಾವನ ಕುಡಿತ ನಿಂತಿತ್ತು. ಅವನು ಮತ್ತೆ ಹರಿಗೋಲು ಹತ್ತಲಿಲ್ಲ, ಕೈ ಅಷ್ಟು ಗಟ್ಟಿಯಾಗಲೇ ಇಲ್ಲ. ಆದರೆ ತನ್ನ ಅನ್ನವನ್ನು ತಾನೇ ಕಲಸಿ ಉಂಡ. ತಟ್ಟೆಯ ಪಕ್ಕದಲ್ಲಿ ನಾಲ್ಕು ಅಗುಳು ಬಿದ್ದರೆ ನಕ್ಕ. ಬೆಳಗಿನ ಸಾಲಿನಲ್ಲಿ ಮಾವನ ಹಾಗೆ ಇನ್ನೂ ಇಬ್ಬರಿದ್ದರಂತೆ. ಇದನ್ನು ನೋಡಿ ಒಬ್ಬ ತಾನಾಗಿಯೇ ಯಜಮಾನನ ಮನೆಗೆ ಬಂದ. ಇನ್ನೊಬ್ಬ ನಾಚಿಕೊಂಡು ಬರಲಿಲ್ಲ. ಆ ಬೇಸಿಗೆಯಲ್ಲೇ ತೀರಿಕೊಂಡ.

ಗುರುಗಳು ಕತೆ ನಿಲ್ಲಿಸಿದರು. ಮುಂದೆ ಇನ್ನೂ ಇದೆಯೇನೋ ಎಂದು ಕೊಟ್ರಯ್ಯ ನೋಡಿದ. ಇರಲಿಲ್ಲ.

"ಹಾಗಾದರೆ ಊರವರಿಗೆ ಏನೆಂದು ಬರೆಯಲಿ ಗುರುಗಳೇ? ಕಟ್ಟಳೆ ಮಾಡಿ ಎಂದು ಬರೆಯಲೋ, ಬೇಡ ಎಂದು ಬರೆಯಲೋ?"

"ಮಾಡಿ ಎಂದೇ ಬರೆ. ಇಬ್ಬರು ಹೆಂಗಸರು ಸತ್ತ ಹೊಳೆಯಲ್ಲಿ ಮತ್ತೆ ಯಾರೂ ಸಾಯಲಿಲ್ಲ, ಅದು ಸಣ್ಣ ಮಾತಲ್ಲ."

ಕೊಟ್ರಯ್ಯನ ಮುಖ ಗೆಲುವಾಯಿತು. ಕಾಗದ, ಲೇಖನಿ ತರಲು ಎದ್ದ. ಅವನು ಬಾಗಿಲ ತನಕ ಹೋದಾಗ ಗುರುಗಳು ಕರೆದು ಕೇಳಿದರು:

"ಕೊಟ್ರಯ್ಯ, ನಿನ್ನ ಅಣ್ಣ ದಿನದ ಮೊದಲ ಗುಟುಕು ಕುಡಿಯುವುದು ಎಷ್ಟು ಹೊತ್ತಿಗೆ?"