ಗುರಸಿದ್ದವ್ವನ ಗಾಜಿನ ನಳಿಗಿ

ಕೇಳ್ರಿ, ಒಂದೀಟ ಸುಮ್ಮನ ಕುಂದರ್ರಿ. ಭಾಳ ಹಿಂದ, ನಮ್ಮಜ್ಜಿ ಹುಟ್ಟೋಕ್ಕಿಂತ ಮೊದಲ, ಹೊಳಿದಂಡಿ ಒಂದೂರಾಗ ಗುರಸಿದ್ದವ್ವ ಅಂತ ಬಳಿ ಮಾಡಾಕಿ ಇದ್ದಳಂತ. ಬಾಣಂತ್ಯಾರಿಗೆ ಬಳಿ ಇಡಾಕ ಮನಿಮನಿಗೆ ಹೋಗತಿದ್ದಳಂತ. ಬಳಿ ಭಟ್ಟಿಯೊಳಗ ಗಾಜ ಕರಗಿಸಿ, ಸಣ್ಣಗ ಎಳದು, ಪೊಳ್ಳ ನಳಿಗಿ ಮಾಡತಿದ್ದಳಂತ. ಹಸಗೂಸಿನ ಹಿಮ್ಮಡಕ್ಕ ಮುಳ್ಳ ಚುಚ್ಚಿ ಒಂದ ಹನಿ ರಕ್ತ ಅದರಾಗ ಏರಿಸಿ ನೆಟ್ಟಗ ನಿಲ್ಲಸತಿದ್ದಳಂತ. ಕೆಂಪು ಮೆಲ್ಲಕ ಇಳದರ ಕೂಸು ಸುಖ. ಸರಸರ ತಳಕ್ಕ ಕುಂತು ಮ್ಯಾಲ ತಿಳಿನೀರ ಉಳದರ ರಕ್ತದಾಗ ನಂಜು. ರಕ್ತ ಹೆಪ್ಪಗಟ್ಟಬಾರದಂತ ನಳಿಗಿಗೆ ಏನ ಸವರತಿದ್ದಳೋ, ಆ ಶಿವಗ ಗೊತ್ತು. ಕೂಸನ್ನ ದೂರದಿಂದ ನೋಡೇ ಹೇಳತಿದ್ದಳು ಅಂತಾರ ಕೆಲವರು. ಅದು ಸುಳ್ಳ ಬಿಡ್ರಿ.

ಆ ಊರಾಗ ಫಕೀರವ್ವನ ಸೊಸಿ ದುರುಗವ್ವ ಗಂಡ ಕೂಸ ಹಡದಳಂತ. ಕೂಸು ಅಳಂಗಿಲ್ಲ, ಮಲಿ ಬೇಡಂಗಿಲ್ಲ, ಸುಮ್ಮನ ಮಲಗೇ ಇರತಿತ್ತಂತ. ಬಂದ ಹೆಂಗಸರೆಲ್ಲ, "ಏನ ಶಾಣ್ಯಾ ಕೂಸವ್ವಾ, ತಾಯಿಗೆ ಒಂದೀಟೂ ತ್ರಾಸ ಕೊಡಂಗಿಲ್ಲ" ಅಂತ ಹೊಗಳಿದ್ದೇ ಹೊಗಳಿದ್ದು. ಗುರಸಿದ್ದವ್ವ ಬಳಿ ಇಡಾಕ ಬಂದಾಕಿ, ಬಳಿ ಇಟ್ಟು, ಕೂಸಿನ ಮೈ ಮುಟ್ಟಿ ನೋಡಿದಳು. ಮೈ ತಣ್ಣಗ ಆಗಿತ್ತು. ಈಗಿಂದೀಗ ಹಿಮ್ಮಡ ಚುಚ್ಚಿ ನೋಡಬೇಕಂದಳಂತ.

ಫಕೀರವ್ವ ಬಿಟ್ಟಾಳ? ಐದನೇ ರಾತ್ರಿ ಬರೋ ಸಟವಿ ತಾಯಿ ಇನ್ನೂ ಬಂದು ಹಣಿಬರಹ ಬರದಿಲ್ಲ, ಅದಕ್ಕ ಮುಂಚೆ ಕೂಸಿನ ರಕ್ತ ತಗದರ ಬರಿಯಾಕ ಆಯುಷ್ಯನ ಉಳಿಯಂಗಿಲ್ಲಂತ ಆಕಿ ನಂಬಿಗಿ. ಸಂಜಿಗೆ ಸಟವಿ ಪೂಜಿ ಐತಿ, ತಡಿ ಅಂದಳಂತ. ಗುರಸಿದ್ದವ್ವನ ಕೈಯಾನ ಮುಳ್ಳ ಕಸಗೊಂಡು ಒಲಿಗೆ ಒಗದಳಂತ. ಗುರಸಿದ್ದವ್ವ ಹೊಸ್ತಿಲಾಗ ನಿಂತಳು, ಕುಂತಳು, ಮತ್ತ ಎದ್ದಳು. ಬಿಟ್ಟ ಹೋಗಾಕೂ ಮನಸಾಗವಲ್ದು. ಹೊರಳ್ಯಾಡಬ್ಯಾಡ್ರಿ, ಇದನ್ನ ಹೇಳುವಾಗ ನನಗೂ ಜೀವ ತಡಿಯಂಗಿಲ್ಲ. ಒಳಗ ದುರುಗವ್ವ ಕೂಸಿನ ಬಾಯಾಗ ಮಲಿ ಇಟ್ಟಳು, ಅದು ಚೀಪಲಿಲ್ಲ. ಆಗ ಆಕಿ ಏನ ಮಾಡಿದಳ ಗೊತ್ತೇನ? ಗಂಡ ಇದ್ದಾಕಿ, ಹಸಿ ಬಾಣಂತಿ, ಹೊಸಾ ಹಸರ ಬಳಿ ಗ್ವಾಡಿಗೆ ಬಡದು ಒಡದಳಂತ! ಆ ಚೂರಿನಿಂದ ತಾನ ಕೂಸಿನ ಹಿಮ್ಮಡ ಗೀರಿದಳಂತ.

ಬೈಯಾಕ ಬಾಯಿ ತಗದ ಫಕೀರವ್ವ ಹಂಗ ನಿಂತಳು. ಕೂಸು ಅಳಲಿಲ್ಲ. ಕಾಲ ಸೈತ ಜಗ್ಗಲಿಲ್ಲ. ಮುದುಕಿ ಓಡಿ ಬಂದು ಆ ಕಾಲ ಹಿಡದು, "ಲಗೂನ ತಗೊಳವ್ವಾ" ಅಂತ ಗುರಸಿದ್ದವ್ವಗ ಅಂದಳಂತ. ನಳಿಗ್ಯಾಗಿನ ಕೆಂಪು ನೋಡನೋಡತಾ ತಳಕ್ಕ ಇಳೀತು. ಫಕೀರವ್ವ ಪೂಜಿ ಅನ್ನಲಿಲ್ಲ, ಪುನಸ್ಕಾರ ಅನ್ನಲಿಲ್ಲ, ಕೂಸನ್ನ ಉಡ್ಯಾಗ ಕಟಗೊಂಡು, ದೋಣಿ ಹತ್ತಿ, ಆಚಿ ದಂಡಿ ದವಾಖಾನಿಗೆ ಓಡಿದಳಂತ. ಕೂಸು ಉಳೀತು.

ನಮ್ಮ ಕಡೆ ಈಗೂ ಹಸಗೂಸಿನ ರಕ್ತ ತಗಿಯೋದಿದ್ದರ, ನರ್ಸಬಾಯಿ ಎಷ್ಟ ಬೈದರೂ, ಕಾಲ ಹಿಡಿಯಾಕಿ ಬಾಣಂತಿ ಅತ್ತೀನ. ಚುಚ್ಚಿದಾಗ ಕೂಸು ಚಿಟ್ಟನ ಚೀರಿತಂದರ, ಆಕಿ ಅಲ್ಲೇ ನಿಂತು, ಕಣ್ಣೀರ ಒರಸಿಕೊಂತ, ಎಲ್ಲಾರ ಬಾಯಾಗ ಸಕ್ಕರಿ ಹಾಕತಾಳ.